ಶಾಲೆಗೆ ಕಲಿಕಾ ಸಾಮಗ್ರಿಗಳ ಕೊಡುಗೆ : ಪಾಲಕರಿಗೆ ಹಾಗೂ ದಾನಿಗಳಿಗೆ ಮಾಹಿತಿ

ಪೀಠಿಕೆ

ಹಾವೇರಿ ಜಿಲ್ಲೆ ಹಾನಗಲ್ ತಾಲೂಕಿನ ಆಡೂರು ಗ್ರಾಮದಲ್ಲಿ ಬಾದಾಮಿ ಚಾಲುಕ್ಯರ ಕಾಲದ ಶಾಸನವಿದ್ದು, ಜಿನಾಲಯಕ್ಕೆ ನೀಡಲಾದ ಭೂದಾನವನ್ನು ಅದರಲ್ಲಿ ದಾಖಲಿಸಲಾಗಿದೆ. ಕೊಟ್ಟದ್ದು ಏನು, ಯಾವ ಉದ್ದೇಶಕ್ಕೆ ಎಂಬುದನ್ನು ಬರೆದಿಡುವ ಪದ್ಧತಿಯು ಈ ಭಾಗದಲ್ಲಿ ಹೊಸದಲ್ಲ. ಇದೇ ಪದ್ಧತಿಯು ಗ್ರಾಮದ ಪ್ರಾಥಮಿಕ ಶಾಲೆಗೆ ನೀಡಲಾಗುವ ಸ್ಲೇಟು, ಕಥೆಪುಸ್ತಕ, ಬಣ್ಣದ ಕಡ್ಡಿಗಳಿಗೂ ಅನ್ವಯಿಸುತ್ತದೆ.

ಕಾನೂನಿನ ಹಿನ್ನೆಲೆ

ದಿನಾಂಕ 1-4-2010 ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009 ರ ಅನುಸೂಚಿಯಂತೆ ಪ್ರತಿ ತರಗತಿಗೆ ಅಗತ್ಯವಿರುವ ಬೋಧನಾ-ಕಲಿಕಾ ಸಲಕರಣೆಗಳು ಹಾಗೂ ಆಟದ ಸಾಮಗ್ರಿಗಳು, ಪ್ರತಿ ಶಾಲೆಗೆ ದಿನಪತ್ರಿಕೆ, ನಿಯತಕಾಲಿಕೆ ಮತ್ತು ಕಥೆಪುಸ್ತಕಗಳುಳ್ಳ ಗ್ರಂಥಾಲಯ ಇರತಕ್ಕದ್ದು. ಆದ್ದರಿಂದ ಈ ಸಾಮಗ್ರಿಗಳು ಮಗುವಿನ ಹಕ್ಕು. ದಾನಿಗಳ ಕೊಡುಗೆಯು ಸರ್ಕಾರದ ಹೊಣೆಗೆ ಬದಲಿಯಲ್ಲ, ಪೂರಕ ಮಾತ್ರ.

ಕಲಿಕೆಗೆ ಆಗುವ ಪ್ರಯೋಜನ

1995 ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯನ್ನು 2009-10 ನೇ ಸಾಲಿನಿಂದ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಲಾಯಿತು. ಇದರಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು ಕಾರ್ಡುಗಳ ಮೂಲಕ ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಒಂದು ಕಾರ್ಡು ಕಳೆದುಹೋದಲ್ಲಿ ಆ ಮೆಟ್ಟಿಲಿಗೆ ಬಂದ ಮಗುವು ಅಲ್ಲಿಯೇ ನಿಲ್ಲಬೇಕಾಗುತ್ತದೆ. ಪೆನ್ಸಿಲು ಇಲ್ಲದ ಮಗುವು ಪಕ್ಕದ ಮಗುವು ಬರೆದು ಮುಗಿಸುವವರೆಗೆ ಕಾಯುತ್ತದೆ. ಸಣ್ಣ ಸಾಮಗ್ರಿಯ ಮಹತ್ವ ಇಲ್ಲಿಯೇ ಇದೆ.

1. ಸ್ಲೇಟು : ತಪ್ಪನ್ನು ಕೂಡಲೇ ಅಳಿಸಿ ತಿದ್ದಲು ಸಾಧ್ಯವಾಗುವುದರಿಂದ ಮಗುವಿಗೆ ಬರೆಯುವ ಅಂಜಿಕೆ ಕಡಿಮೆಯಾಗುತ್ತದೆ.
2. ಮಣಿ, ಕಡ್ಡಿ, ಹುಣಸೆ ಬೀಜ : ಹತ್ತು ಕಡ್ಡಿಗಳನ್ನು ಕಟ್ಟಿ ಒಂದು ಕಟ್ಟು ಮಾಡಿದಾಗ ಬಿಡಿ ಮತ್ತು ಹತ್ತರ ಸ್ಥಾನಬೆಲೆ ಕೈಗೆ ತಿಳಿಯುತ್ತದೆ.
3. ಕಥೆಪುಸ್ತಕ : ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಪಠ್ಯಪುಸ್ತಕದ ಹೊರಗಿನ ಓದು ಇದರಿಂದಲೇ ಆರಂಭವಾಗುತ್ತದೆ.
4. ಬಣ್ಣ, ಕಾಗದ, ಅಂಟು : ಕೈಬೆರಳುಗಳ ಹಿಡಿತ ಬಲಗೊಂಡು ಬರವಣಿಗೆಗೆ ಅನುಕೂಲವಾಗುತ್ತದೆ.

ಕೊಡುಗೆ ನೀಡುವ ವಿಧಾನ

1. ದಾನಿಗಳು ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು ಅಗತ್ಯಗಳ ಪಟ್ಟಿ ಪಡೆಯುವುದು. ಐವತ್ತು ಮಕ್ಕಳಿರುವಲ್ಲಿ ಇಪ್ಪತ್ತು ಪೆಟ್ಟಿಗೆ ಬಣ್ಣ ನೀಡುವುದಾದಲ್ಲಿ, ವೈಯಕ್ತಿಕವಾಗಿ ಹಂಚದೆ ತರಗತಿಯ ಸಾಮೂಹಿಕ ಬಳಕೆಗೆ ನೀಡುವುದು ಸೂಕ್ತ.
2. ದಿನಾಂಕ 28-4-2001 ರ ಸರ್ಕಾರಿ ಆದೇಶದ ಮೂಲಕ ರಾಜ್ಯದಲ್ಲಿ ರಚನೆಗೊಂಡ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಗಮನಕ್ಕೆ ಕೊಡುಗೆಯನ್ನು ತರುವುದು. ಸರ್ಕಾರದಿಂದಲ್ಲದೆ ಇತರ ಮೂಲಗಳಿಂದ ಬಂದ ಅನುದಾನದ ಬಳಕೆಯ ಮೇಲ್ವಿಚಾರಣೆಯನ್ನೂ ಕಾಯ್ದೆಯ 21 ನೇ ಪ್ರಕರಣವು ಶಾಲಾ ಸಮಿತಿಗೆ ವಹಿಸಿದೆ.
3. ಸಾಮಗ್ರಿಯ ಹೆಸರು, ಸಂಖ್ಯೆ ಮತ್ತು ದಿನಾಂಕವನ್ನು ದಾಸ್ತಾನು ವಹಿಯಲ್ಲಿ ನಮೂದಿಸಿಕೊಂಡು ಸ್ವೀಕೃತಿ ಪತ್ರ ಪಡೆಯುವುದು.
4. ದೂರದ ಊರು ಅಥವಾ ವಿದೇಶದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಜಾಲತಾಣದಲ್ಲಿ ನೋಂದಾಯಿಸಿಕೊಂಡು, ಶಾಲೆಯು ಪ್ರಕಟಿಸಿರುವ ಬೇಡಿಕೆಗೆ ಸ್ಪಂದಿಸಬಹುದು. ಈ ಜಾಲತಾಣದ ಈಗಿನ ಆವೃತ್ತಿಯು 2021 ರ ಸೆಪ್ಟೆಂಬರ್‌ನಲ್ಲಿ ಆರಂಭಗೊಂಡಿದೆ.
5. ವಸ್ತುರೂಪದ ಕೊಡುಗೆಯ ಮೌಲ್ಯಕ್ಕೆ ಆದಾಯ ತೆರಿಗೆಯಲ್ಲಿ ದಾನದ ಕಡಿತವು ದೊರೆಯುವುದಿಲ್ಲವೆಂಬುದನ್ನು ದಾನಿಗಳು ಗಮನಿಸುವುದು.

ಬಳಕೆಯ ಬಗ್ಗೆ ವಿಶೇಷ ಗಮನ

ಕೊಡುಗೆಯಾಗಿ ಬಂದ ಸಾಮಗ್ರಿಯು ಕಳೆದುಹೋದೀತು, ಲೆಕ್ಕಕ್ಕೆ ಉತ್ತರಿಸಬೇಕಾದೀತು ಎಂಬ ಆತಂಕದಿಂದ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಸಂದರ್ಭಗಳುಂಟು. ಹೀಗಾದಲ್ಲಿ ವಹಿಯಲ್ಲಿ ಶಿಲ್ಕು ಸರಿಯಾಗಿರುತ್ತದೆ, ಆದರೆ ಮಗುವಿಗೆ ಏನೂ ದೊರೆತಿರುವುದಿಲ್ಲ. ಪೆನ್ಸಿಲು, ಕಾಗದ, ಬಣ್ಣ ಮುಂತಾದವು ಬಳಸಿ ಮುಗಿಯತಕ್ಕ ವಸ್ತುಗಳು. ಗ್ಲೋಬು, ಗಣಿತದ ಪೆಟ್ಟಿಗೆ, ಪುಸ್ತಕ ಮುಂತಾದವು ಬಾಳಿಕೆಯ ವಸ್ತುಗಳು. ಇವೆರಡನ್ನೂ ಪ್ರತ್ಯೇಕವಾಗಿ ನಮೂದಿಸಿ, ಮೊದಲನೆಯವುಗಳಿಗೆ ವಿತರಣೆಯ ದಿನಾಂಕವನ್ನೂ ಎರಡನೆಯವುಗಳಿಗೆ ಈಗಿನ ಸ್ಥಿತಿಯನ್ನೂ ಬರೆದಿಟ್ಟಲ್ಲಿ ಲೆಕ್ಕದ ಆತಂಕವು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಮಕ್ಕಳ ಕೈಯಲ್ಲಿ ಓದಿಸಿಕೊಂಡು ಹರಿದ ಕಥೆಪುಸ್ತಕವು ನಷ್ಟವಲ್ಲ. ಅದು ಕೊಡುಗೆಯು ಸದ್ಬಳಕೆಯಾಗಿರುವುದಕ್ಕೆ ಸಾಕ್ಷಿ.

ಪಾಲಕರು ಸಮಿತಿಯ ಸಭೆಗಳಲ್ಲಿ ಎಷ್ಟು ಸಾಮಗ್ರಿ ಬಂದಿತೆಂದು ಕೇಳುವುದರ ಜೊತೆಗೆ, ಅದು ಮಕ್ಕಳ ಕೈ ಸೇರಿತೇ ಎಂದೂ ವಿಚಾರಿಸುವುದು ಅಪೇಕ್ಷಣೀಯ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಸಂಬಂಧಪಟ್ಟ ಶಾಲೆಯ ಮುಖ್ಯೋಪಾಧ್ಯಾಯರನ್ನು ಅಥವಾ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.