ಕಾಫಿ ಕುಡಿಯದ ಅತಿಥಿಗಳು

ಬೇಲೂರು ತಾಲ್ಲೂಕಿನ ನಮ್ಮ ಬಿಕ್ಕೋಡಿನಲ್ಲಿ ಮನೆಗೆ ಬಂದವರನ್ನ ಕಾಫಿ ಕೊಡದೆ ಕಳಿಸೋದು ಅಂದ್ರೆ ಜಗಳ ಆಡಿ ಕಳಿಸಿದ ಹಾಗೆ. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೂ ನನಗೆ ಈ ಅಭ್ಯಾಸ ಹೋಗಿರಲಿಲ್ಲ. ನಾನು ಬಾಡಿಗೆಗಿದ್ದ ಕಟ್ಟಡದ ಮೇಲಿನ ಮಹಡಿಯ ಆಂಟಿ ಮನೆಗೆ ಇಬ್ಬರು ಹುಡುಗರು ಬಂದಾಗ, ಊರಿನ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿ ಎರಡು ಲೋಟ ಹಿಡ್ಕೊಂಡು ಹೋದೆ. ಇಬ್ಬರೂ ನಗುನಗುತ್ತಲೇ ಬೇಡ ಅಂದ್ರು. ಆಂಟಿ ಅಡುಗೆಮನೆಯಿಂದ ಹೇಳಿದ್ರು: “ಅವರು ಕುಡಿಯಲ್ಲ ಕಣಪ್ಪ. ನಾನೂ ಬಿಟ್ಟು ಆರು ವರ್ಷ ಆಯ್ತು.”

ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಹತ್ತೊಂಬತ್ತರ ಹುಡುಗನ ಹೆಸರಿನ ಮುಂದೆ ‘ಎಲ್ಡರ್’, ಅಂದ್ರೆ ಹಿರಿಯ! ಇವರು ಮಾರ್ಮನ್ ಸಭೆಯ ಮಿಷನರಿಗಳು, ಆಂಟಿ ಅದೇ ಸಭೆಯ ಸದಸ್ಯೆ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಹುಟ್ಟುಹಾಕಿದ ಸಭೆ ಇದು. 1833ರಲ್ಲಿ ಅವನು ಕೊಟ್ಟ ಆಹಾರ ನಿಯಮದಲ್ಲಿ ‘ಬಿಸಿ ಪಾನೀಯ’ ಬೇಡ ಅಂತಿದೆ. ಅದು ಕಾಫಿ, ಟೀ ಅಂತ ಸಭೆಯ ಅರ್ಥ. ನಮ್ಮೂರಿನವರು ಈ ಸಭೆ ಸೇರೋದು ಕಷ್ಟ ಅಂತ ನಾನು ಅವತ್ತು ನಕ್ಕಿದ್ದೆ.

ಅವರ ದಿನಚರಿ ನೋಡಿದ ಮೇಲೆ ನಗು ಕಡಿಮೆಯಾಯ್ತು. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ಮಲಗಬೇಕು. ಬೆಳಗಿನ ಹೊತ್ತು ಓದು. ಎಲ್ಲಿಗೆ ಹೋದ್ರೂ ಜೋಡಿಯಾಗಿಯೇ. ಸಂಬಳ ಇಲ್ಲ, ಸಿನಿಮಾ ಇಲ್ಲ, ಗರ್ಲ್‌ಫ್ರೆಂಡ್ ಮಾತಂತೂ ಇಲ್ಲವೇ ಇಲ್ಲ. ಬಟ್ಟೆ ಒಗೆಯೋಕೆ, ಸಾಮಾನು ತರೋಕೆ, ಮನೆಗೆ ಬರೆಯೋಕೆ ವಾರಕ್ಕೊಂದು ದಿನ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷದ ಸೇವೆ. ಅಷ್ಟರಲ್ಲಿ ಊರೂರು ವರ್ಗ, ಜೊತೆಗಾರನೂ ಬದಲು. ಅವರ ಅಂಗಿ ಒಣಗಲು ಆಂಟಿಯ ತಾರಸಿ ತಂತಿ, ಊಟಕ್ಕೆ ಆಂಟಿಯ ಅನ್ನ ಸಾರು.

ಕಟ್ಟಡದಲ್ಲಿ ಪಿಸುಮಾತು ಶುರುವಾಯ್ತು. “ಮತಾಂತರ ಮಾಡ್ತಾರಂತೆ.” ಹಬ್ಬಕ್ಕೆ ಆಂಟಿ ಮನೆಗೆ ಹೋಗ್ತಿದ್ದ ಎಳ್ಳು-ಬೆಲ್ಲ ನಿಂತಿತು. ಏನಪ್ಪ, ನಿಂಗೇನಾದ್ರೂ ಗೊತ್ತಾ ಅಂತ ನನ್ನನ್ನೂ ಕೇಳಿದ್ರು. ಹುಡುಗರು ನನ್ನ ಜೊತೆ ಮಾತಾಡಿದ್ದೆಲ್ಲ ಕ್ರಿಕೆಟ್ಟೇ ಅಂತ ಹೇಳಬಹುದಿತ್ತು. “ನಂಗೇನ್ ಗೊತ್ತಿಲ್ಲ” ಅಂದುಬಿಟ್ಟೆ. ಒಂದು ಸಂಜೆ ಮೆಟ್ಟಿಲ ಮೇಲೆ ಸಿಕ್ಕ ಆಂಟಿ ಅಂದ್ರು: “ಅವರು ಎರಡು ವರ್ಷ ಆದ್ಮೇಲೆ ಹೋಗ್ತಾರೆ. ನಾನು ಇಲ್ಲೇ ಇರಬೇಕಲ್ವಾ.”

ಈ ಮಾತು ತಲೆಯಲ್ಲಿ ಕೂತ ಮೇಲೆ ನಾನು ಮಿಷನರಿ ಇತಿಹಾಸವನ್ನ ಬೇರೆ ಥರ ಓದತೊಡಗಿದೆ. ಮಾರ್ಮನ್ನರು ಭಾರತಕ್ಕೆ ಬಂದದ್ದು ಮೊನ್ನೆಯಲ್ಲ. 1852ರಲ್ಲಿ ಸಾಲ್ಟ್ ಲೇಕ್ ಸಿಟಿಯಿಂದ ಹೊರಟ ತಂಡ 1853ರ ಏಪ್ರಿಲ್‌ನಲ್ಲಿ ಕಲ್ಕತ್ತಾ ಮುಟ್ಟಿತು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್ ಅದೇ ವರ್ಷ ಮದರಾಸಿಗೆ ಬಂದ. ಕೈಯಲ್ಲಿ ಹಣವಿಲ್ಲದೆ, ಸಿಕ್ಕವರ ಆಸರೆಯಲ್ಲಿ ಬದುಕಿ ಬೋಧಿಸಬೇಕು ಅನ್ನೋದು ಅವರ ಪದ್ಧತಿ. ಸಭೆಗೆ ಸೇರಿದವರು ಬೆರಳೆಣಿಕೆ, ಹೆಚ್ಚಿನವರು ಯೂರೋಪಿಯನ್ನರೇ. ಸುಮಾರು ಒಂದು ವರ್ಷಕ್ಕೆ ಬ್ಯಾಲಂಟೈನ್ ಮದರಾಸು ಬಿಟ್ಟ. ಉಳಿದವರೂ ಕೆಲವೇ ವರ್ಷಗಳಲ್ಲಿ ವಾಪಸ್ಸಾದರು. ಬೆಂಗಳೂರಿನಲ್ಲಿ ಈ ಸಭೆಯ ಮಿಷನ್ ಕೇಂದ್ರ ಶುರುವಾಗೋಕೆ 1993 ಆಗಬೇಕಾಯ್ತು.

ಅದೇ 1853ರಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಕೊಡಗಿಗೆ ಹೋದ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಇವನೇ. ಕೊಡಗಿನಲ್ಲಿ ಅವನಿಗೆ ಕಾಲಿಡಲು ಜಾಗ ಆದದ್ದು ಒಬ್ಬ ಕೊಡವನಿಂದ. ಕ್ರೈಸ್ತನಾಗಿ ಸ್ಟೆಫಾನಸ್ ಅನ್ನೋ ಹೆಸರು ಪಡೆದ ಸೋಮಯ್ಯ. ಬ್ಯಾಲಂಟೈನನಿಗೆ ಸಿಗದ ಆಸರೆ ಮೋಗ್ಲಿಂಗನಿಗೆ ಸಿಕ್ಕಿತ್ತು: ಆ ನೆಲದವನೇ ಆದ ಒಬ್ಬ ಆತಿಥೇಯ.

ಆಮೇಲಿನ ಲೆಕ್ಕ ನೋಡಿ. ಮೋಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ. ಕನ್ನಡದ ಕೆಲಸಕ್ಕಾಗಿ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಜರ್ಮನಿಗೆ ಮರಳಿದ. ಮತ್ತೆ ಸೋಮಯ್ಯ? ಮತ ಬದಲಿಸಿದವರ ಆಸ್ತಿ ಹಕ್ಕು ಹೋಗಬಾರದು ಅಂತ ಕಂಪನಿ ಸರ್ಕಾರ 1850ರಲ್ಲೇ ಕಾಯ್ದೆ ಮಾಡಿತ್ತು, ನಿಜ. ಆದ್ರೆ ಕಾಯ್ದೆ ಗದ್ದೆ ಉಳಿಸಬಹುದು. ನೆಂಟರ ಮದುವೆಗೆ ಕರೆಸೋಕಾಗುತ್ತಾ? ಪಂಕ್ತಿಯಲ್ಲಿ ಎಲೆ ಹಾಕಿಸೋಕಾಗುತ್ತಾ? ಅತಿಥಿಯ ಹತ್ತಿರ ಲೇಖನಿ ಇತ್ತು, ಹಿಂತಿರುಗೋಕೆ ಹಡಗೂ ಇತ್ತು. ಆತಿಥೇಯನಿಗೆ ಇದ್ದದ್ದು ಅದೇ ಊರು, ಅದೇ ಜನ.

ಮಿಷನರಿಗಳನ್ನ ಹೊಗಳೋರು ನಿಘಂಟು, ಶಾಲೆ, ಅಚ್ಚುಕೂಟ ಅಂತಾರೆ. ಬೈಯೋರು ಮತಾಂತರ ಅಂತಾರೆ. ಎರಡೂ ಕಡೆಯವರು ಮಾತಾಡೋದು ಬಂದು ಹೋದವರ ಬಗ್ಗೆಯೇ. ಬಾಗಿಲು ತೆಗೆದವರನ್ನ ಯಾರೂ ಕೇಳಲಿಲ್ಲ. ಅವರು ಮೋಸ ಹೋದವರೂ ಅಲ್ಲ, ಮಾರಿಕೊಂಡವರೂ ಅಲ್ಲ, ಯೋಚಿಸಿ ಒಂದು ತೀರ್ಮಾನ ತಗೊಂಡು ಅದರ ಬೆಲೆ ಕಟ್ಟಿದವರು ಇರಬಹುದಲ್ವಾ?

ಹುಡುಗರಿಬ್ಬರೂ ಬೇರೆ ಊರಿಗೆ ವರ್ಗವಾಗಿ ಹೋದರು. ಹೊಸ ಜೋಡಿ ಬರೋ ಮುಂಚೆ, ಒಂದು ಭಾನುವಾರ, ನಾನು ಮತ್ತೆ ಮೇಲೆ ಹೋದೆ. ಈ ಸಲ ಕಾಫಿ ಅಲ್ಲ, ಬಿಕ್ಕೋಡಿನಿಂದ ಅಮ್ಮ ಕಳಿಸಿದ್ದ ಕಿತ್ತಳೆ ಹಣ್ಣು. ಆಂಟಿ ಬಾಗಿಲು ತೆಗೆದು, ಏನೂ ಕೇಳದೆ, ತಟ್ಟೆ ತಂದು ಇಟ್ಟರು. ಕಟ್ಟಡದವರು ನೋಡ್ತಿದ್ದಾರಾ ಅಂತ ನಾನು ಒಂದು ಸಲ ಹಿಂದೆ ತಿರುಗಿದ್ದನ್ನ ಅವರು ಗಮನಿಸಿದ್ರೋ ಏನೋ. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.