ಲೇಟೆಕ್: ಪ್ರಬಂಧ ಬರೆಯುವವರ ಮೊಳೆ ಜೋಡಣೆ

ಲೇಟೆಕ್ ಎಂಬುದು ಪ್ರಬಂಧ, ಸಂಶೋಧನಾ ಲೇಖನ, ಪುಸ್ತಕಗಳ ಪುಟ ಕಟ್ಟುವ ಉಚಿತ ತಂತ್ರಾಂಶ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಗಣಿತ ಸಂಶೋಧಕರಿಗೂ ಶಿವಮೊಗ್ಗದಲ್ಲಿ ಪ್ರಾಜೆಕ್ಟ್ ವರದಿ ಬರೆಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಒದಗುವ ಸಾಧನ ಇದು.

ಹುಟ್ಟು

ಅಮೆರಿಕದ ಡೊನಾಲ್ಡ್ ಕನೂತ್ 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ನೋಡಿ ಬೇಸರಗೊಂಡರು. ಸೀಸದ ಮೊಳೆ ಹೋಗಿ ಫೋಟೋ ಅಕ್ಷರಜೋಡಣೆ ಬಂದಿತ್ತು. ಪುಟದ ಹಳೆಯ ಅಂದ ಉಳಿದಿರಲಿಲ್ಲ. ಅವರು ತಾವೇ ‘ಟೆಕ್’ ರೂಪಿಸಿದರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ಸುಲಭ ಆದೇಶಗಳನ್ನು ಕಟ್ಟಿದರು. ಅದೇ ಲೇಟೆಕ್.

ಕೆಲಸ ಮಾಡುವ ಬಗೆ

ಇಲ್ಲಿ ಬರೆಯುವವರು ಅಕ್ಷರದ ಗಾತ್ರ ಹೇಳುವುದಿಲ್ಲ. ‘ಇದು ಅಧ್ಯಾಯ’, ‘ಇದು ಪ್ರಮೇಯ’ ಎಂದು ಗುರುತು ಹಾಕುತ್ತಾರೆ. ಭಿನ್ನರಾಶಿ ಬೇಕಾದರೆ ಬ್ಯಾಕ್‌ಸ್ಲ್ಯಾಶ್ ಹಾಕಿ ‘ಫ್ರ್ಯಾಕ್’ ಎಂದು ಬರೆದು, ಮೊದಲ ಸುರುಳಿ ಆವರಣದಲ್ಲಿ ಅಂಶ, ಎರಡನೆಯದರಲ್ಲಿ ಛೇದ ಕೊಟ್ಟರೆ ಆಯಿತು. ನಡುವಿನ ಗೆರೆ ತಾನೇ ಬರುತ್ತದೆ. ಎರಡನೇ ಅಧ್ಯಾಯದಲ್ಲೊಂದು ಸಮೀಕರಣ ಸೇರಿಸಿದರೆ, ಮುಂದಿನ ಸಂಖ್ಯೆಗಳೂ ಗುರುತು ಕೊಟ್ಟು ಮಾಡಿದ ಉಲ್ಲೇಖಗಳೂ ತಾವೇ ಬದಲಾಗುತ್ತವೆ. ಅದಕ್ಕೆ ಕಡತವನ್ನು ಎರಡು ಸಲ ಓಡಿಸಬೇಕು: ಮೊದಲ ಸಲ ಸಂಖ್ಯೆಗಳ ಪಟ್ಟಿ ಆಗುತ್ತದೆ, ಎರಡನೇ ಸಲ ಅವು ಉಲ್ಲೇಖಗಳಿಗೆ ಇಳಿಯುತ್ತವೆ.

ಕನ್ನಡದಲ್ಲಿ

ಹಿಂದೆ ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆದು, ಬೇರೊಂದು ತಂತ್ರಾಂಶದಿಂದ ಪರಿವರ್ತಿಸಿಕೊಳ್ಳಬೇಕಿತ್ತು. 2004ರಲ್ಲಿ ಜೊನಾಥನ್ ಕ್ಯೂ ಅವರ ‘ಝೀಟೆಕ್’ ಬಂದ ಮೇಲೆ ಯೂನಿಕೋಡ್ ಪಠ್ಯವನ್ನೇ ನೇರವಾಗಿ ಕೊಡುವ ದಾರಿ ತೆರೆಯಿತು. ನೋಟೊ ಸೆರಿಫ್ ಕನ್ನಡದಂಥ ಫಾಂಟ್ ಹೆಸರಿಸಿ, ಲಿಪಿ ಕನ್ನಡ ಎಂದು ತಿಳಿಸಬೇಕು. ಎರಡನೆಯದನ್ನು ಮರೆತರೆ ಒತ್ತಕ್ಷರಗಳು ಚದುರುವುದುಂಟು.

ಕಲಿಯುವ ಕ್ರಮ

ಇಂಟರ್‌ನೆಟ್ ಇದ್ದರೆ ಓವರ್‌ಲೀಫ್ ಜಾಲತಾಣದಲ್ಲೇ ಕೆಲಸ ಶುರುಮಾಡಬಹುದು. ಸ್ವಂತ ಕಂಪ್ಯೂಟರಿಗೆ ಟೆಕ್ ಲೈವ್ ಅಥವಾ ಮಿಕ್‌ಟೆಕ್ ಇವೆ. ಒಂದು ಆವರಣ ಮುಚ್ಚದಿದ್ದರೂ ತಪ್ಪುಗಳ ಸಾಲೇ ಎದುರಾಗಬಹುದು. ಮೊದಲನೆಯದನ್ನು ತಿದ್ದಿದರೆ ಉಳಿದವು ಬಹುಪಾಲು ಕರಗುತ್ತವೆ. ಪ್ರಬಂಧ ಒಪ್ಪಿಸುವ ವಾರದಲ್ಲಿ ಕಲಿಯಲು ಕೂರಬೇಡಿ. ಮೊದಲು ಶಂಕರಘಟ್ಟದ ಆವರಣದ ಹೆಸರು ‘ಜ್ಞಾನ ಸಹ್ಯಾದ್ರಿ’ ಎಂದಷ್ಟೇ ಬರೆದು ಓಡಿಸಿ. ಅದರ ಮೂರೂ ಒತ್ತಕ್ಷರಗಳು ಸರಿಯಾಗಿ ಕೂತರೆ ನಿಮ್ಮ ಒಂದನೇ ಅಧ್ಯಾಯಕ್ಕೆ ಕೈಹಚ್ಚಬಹುದು.