ಕುಂಚಿಗೆಯೂ ಜ್ಞಾನಸ್ನಾನದ ಶುಭ್ರವಸ್ತ್ರವೂ

ದೇವಾಲಯವೊಂದರ ನೂರು ವರುಷಗಳ ಇತಿಹಾಸವನ್ನು ಬರೆಯುವಾಗ ತಳಹದಿಯ ಕಲ್ಲು, ಗುರುಗಳ ಸೇವಾವಧಿ, ಗಂಟೆಗೋಪುರ ಮೊದಲಾದುವು ಸಹಜವಾಗಿಯೇ ಮುಂದೆ ನಿಲ್ಲುತ್ತವೆ. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಕೂಸಿನ ಹೆಸರು, ತಂದೆತಾಯಿಗಳ ಹೆಸರು, ಜ್ಞಾನ ತಂದೆತಾಯಿಗಳ ಹೆಸರು ಉಳಿಯುತ್ತವೆ. ಆ ಕೂಸಿನ ತಲೆಗೆ ಅಜ್ಜಿಯೋ ತಾಯಿಯೋ ಕೈಯಾರೆ ಹೊಲಿದು ತೊಡಿಸಿದ ಉಡುಗೆಗೆ ಅಲ್ಲಿ ಸ್ಥಳವಿಲ್ಲ. ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಸಿಂಗಟಾಲೂರಿನ ತುಂಗಭದ್ರೆಯ ದಂಡೆಯಿಂದ ಮುಂಡರಗಿ, ಗದಗ, ಧಾರವಾಡಗಳವರೆಗೂ ಎಳೆಗೂಸಿನ ತಲೆಗೆ ಸಲ್ಲುವ ಉಡುಗೆಗಳು ಎರಡು: ಕುಲಾವಿ ಮತ್ತು ಕುಂಚಿಗೆ. ಕುಲಾವಿಯು ತಲೆಗೆ ಒಪ್ಪವಾಗಿ ಕೂಡುವ ಟೊಪ್ಪಿಗೆ. ಪಾರಸಿಯ ‘ಕುಲಾಹ್’ ಎಂಬ ಶಬ್ದವೇ ಕನ್ನಡದಲ್ಲಿ ಈ ರೂಪವನ್ನು ತಾಳಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆಯು ಆತುರಗಾರರನ್ನು ಹಾಸ್ಯ ಮಾಡುವುದಾದರೂ, ಕೂಸಿಗಾಗಿ ಮನೆಯವರು ಮೊದಲು ನೆನೆಯುವುದು ಈ ಉಡುಗೆಯನ್ನೇ ಎಂಬುದನ್ನೂ ಸಾರುತ್ತದೆ.

ಕುಂಚಿಗೆಯ ರಚನೆ ಇನ್ನೂ ವಿಶಿಷ್ಟವಾದುದು. ಅದಕ್ಕೆ ತಲೆಯ ಸುತ್ತಳತೆಯೂ ಬೇಡ, ಗುಂಡಗೆ ಕತ್ತರಿಸುವ ಕೌಶಲವೂ ಬೇಡ. ಆಯತಾಕಾರದ ಒಂದು ಬಟ್ಟೆಯನ್ನು ಉದ್ದಕ್ಕೆ ಇಮ್ಮಡಿಸಿ, ಮೇಲಂಚನ್ನು ಮಾತ್ರ ಕೂಡಿಸಿ ಹೊಲಿದರೆ ಸಾಕು. ಹೊಲಿಗೆ ನೆತ್ತಿಯ ಮೇಲೆ ಬರುತ್ತದೆ. ಮಡಿಕೆ ಬೆನ್ನಗುಂಟ ಇಳಿಯುತ್ತದೆ. ಎರಡು ಅಂಚುಗಳು ಕೂಸಿನ ಮುಖಕ್ಕೆ ಚೌಕಟ್ಟಾಗುತ್ತವೆ. ಉಳಿದ ಭಾಗ ಹೆಗಲನ್ನೂ ಬೆನ್ನನ್ನೂ ಹೊದಿಸಿ ಥಂಡಿಗಾಳಿಯನ್ನು ತಡೆಯುತ್ತದೆ. ಹೀಗೆ ಒಂದೇ ಹೊಲಿಗೆಯಿಂದ ಚಪ್ಪಟೆಯಾದ ಬಟ್ಟೆಯು ಟೊಪ್ಪಿಗೆಯೂ ಹೊದಿಕೆಯೂ ಆಗುತ್ತದೆ.

ಇದರ ಮೇಲೆ ಮೂಡುವ ಕಸೂತಿಯೂ ಲೆಕ್ಕದ ಕಲೆಯೇ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಹಾಸುಹೊಕ್ಕಿನ ಎಳೆಗಳನ್ನು ಎಣಿಸಿಕೊಂಡೇ ಗವಂತಿ, ಮುರಗಿ, ನೇಯ್ಗೆ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳನ್ನು ಹಾಕುತ್ತಾರೆ. ಗವಂತಿ, ಮುರಗಿಗಳಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಒಳಮೈ ಹೊರಮೈಗಳೆರಡೂ ಒಂದೇ ತೆರನಾಗಿ ಕಾಣುತ್ತವೆ. 2006ರಲ್ಲಿ ಕರ್ನಾಟಕದ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಶಾಲೆಯ ಮೆಟ್ಟಿಲನ್ನೇ ಹತ್ತದ ಎಷ್ಟೋ ಮಂದಿ ತಾಯಂದಿರ ಗಣಿತಕ್ಕೆ ಸಂದ ಗೌರವವಿದು.

ಧರ್ಮಸಭೆಯ ಪರಂಪರೆಯಲ್ಲಿಯೂ ತಲೆಯುಡುಗೆಗೆ ಇಂಥ ಲೆಕ್ಕವಿದೆ. ಜಗದ್ಗುರುಗಳೂ ಧರ್ಮಾಧ್ಯಕ್ಷರೂ ಧರಿಸುವ ಪುಟ್ಟ ಗುಂಡುಟೊಪ್ಪಿಗೆಯು ಎಂಟು ತ್ರಿಕೋನಾಕಾರದ ತುಂಡುಗಳು ನೆತ್ತಿಯಲ್ಲಿ ಕೂಡಿ ಆದುದು. ಧರ್ಮಾಧ್ಯಕ್ಷರ ಶಿರಸ್ತ್ರಾಣದ ಮುಂಬದಿ ಹಿಂಬದಿಗಳೆರಡೂ ಚಪ್ಪಟೆಯಾಗಿ ಮಡಿಸಿಡಬಹುದಾದ ಫಲಕಗಳು. ಹಿಂದೆ ಎರಡು ಪಟ್ಟಿಗಳು ಇಳಿಬಿದ್ದಿರುತ್ತವೆ. ಆದರೆ ಕ್ರೈಸ್ತನಾದ ಪ್ರತಿಯೊಬ್ಬನಿಗೂ ಧರ್ಮಸಭೆ ಮೊದಲು ತೊಡಿಸುವುದು ಜ್ಞಾನಸ್ನಾನದ ಬಿಳಿವಸ್ತ್ರವನ್ನು. 1614ರಲ್ಲಿ ಐದನೆಯ ಪೌಲ್ ಜಗದ್ಗುರುಗಳು ಪ್ರಕಟಿಸಿದ ರೋಮನ್ ವಿಧಿಗ್ರಂಥದಂತೆ, ಶುಭ್ರವಸ್ತ್ರಕ್ಕೆ ಬದಲಾಗಿ ಗುರುಗಳು ಕೂಸಿನ ತಲೆಯ ಮೇಲೆ ಬಿಳಿಯ ನಾರುಬಟ್ಟೆಯ ತುಂಡನ್ನಿರಿಸುತ್ತಿದ್ದರು. ಕಲೆಯಿಲ್ಲದ ಬಾಳಿಗೆ ಅದು ಗುರುತು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪ್ರಕಟಿಸಿದ ದೈವಾರಾಧನೆಯ ಶಾಸನವು ಜನಾಂಗಗಳ ಒಳ್ಳೆಯ ಸಂಪ್ರದಾಯಗಳನ್ನು ಗೌರವಿಸಬೇಕೆಂದು ವಿಧಿಸಿತು. 1969ರ ಶಿಶು ಜ್ಞಾನಸ್ನಾನ ವಿಧಿಯು ಈ ಮಾತನ್ನು ಮನೆಬಾಗಿಲಿಗೇ ತಂದಿತು: ಶುಭ್ರವಸ್ತ್ರವನ್ನು ಕೂಸಿನ ಮನೆಯವರೇ ಒದಗಿಸುವುದು ಅಪೇಕ್ಷಣೀಯವೆಂದೂ, ಸ್ಥಳೀಯ ಸಂಪ್ರದಾಯ ಬಯಸಿದ ಹೊರತು ಅದು ಬಿಳಿಯದೇ ಆಗಿರಬೇಕೆಂದೂ ಹೇಳಿತು. ಹೀಗಿರಲು ತಲೆಯನ್ನೂ ಮೈಯನ್ನೂ ಒಮ್ಮೆಗೇ ಹೊದಿಸುವ ಬಿಳಿಯ ಕುಂಚಿಗೆಯು ನಮ್ಮ ಸೀಮೆಯ ಶುಭ್ರವಸ್ತ್ರವಾಗಲು ಅಡ್ಡಿಯೇನಿದೆ? ಎಳೆ ಎಣಿಸಿ ಹಾಕುವ ಕಸೂತಿಗೆ ಶಿಲುಬೆಯಷ್ಟು ಸುಲಭವಾದ ಆಕೃತಿ ಬೇರಾವುದಿದೆ?

ಸೂಜಿಯ ಬದಲು ಹೆಣಿಗೆಯ ಕಡ್ಡಿಗಳನ್ನು ಬಲ್ಲ ಸೋದರಿಯರೂ ಹಿಂಜರಿಯಬೇಕಾದುದಿಲ್ಲ. ನೂಲಿನಲ್ಲಿ ಆಯತಾಕಾರದ ಪಟ್ಟಿಯನ್ನು ಹೆಣೆದು, ಇಮ್ಮಡಿಸಿ, ಒಂದು ಬದಿಯನ್ನು ಕೂಡಿಸಿದರೆ ಕುಂಚಿಗೆಯ ತಲೆಭಾಗವೇ ಆಗುತ್ತದೆ. ಕುಲಾವಿಯನ್ನಾದರೆ ನಾಲ್ಕು ಕಡ್ಡಿಗಳ ಮೇಲೆ ಸುತ್ತಾಗಿ ಹೊಲಿಗೆಯೇ ಇಲ್ಲದೆ ಹೆಣೆಯಬಹುದು. ಸುಮಾರು 1400ರ ಹೊತ್ತಿಗೆ ಜರ್ಮನಿಯಲ್ಲಿ ಮೈಸ್ಟರ್ ಬೆರ್ಟ್ರಾಮ್ ಎಂಬ ಚಿತ್ರಕಾರನ ಬಳಗ ಬುಕ್ಸ್ಟೆಹೂಡೆಯ ಬಲಿಪೀಠಕ್ಕೆ ರಚಿಸಿದ, ಈಗ ಹ್ಯಾಂಬರ್ಗ್ ನಗರದಲ್ಲಿರುವ ಚಿತ್ರದಲ್ಲಿ ಮಾತೆ ಮರಿಯಮ್ಮನವರು ಹೀಗೆಯೇ ನಾಲ್ಕು ಕಡ್ಡಿಗಳಿಂದ ಪುಟ್ಟ ಅಂಗಿಯೊಂದನ್ನು ಹೆಣೆಯುತ್ತಿದ್ದಾರೆ. ಪಕ್ಕದಲ್ಲಿ ಬಾಲಯೇಸು; ಎದುರಿಗೆ ಶಿಲುಬೆ, ಮುಳ್ಳಿನ ಕಿರೀಟಗಳನ್ನು ಹಿಡಿದ ದೇವದೂತರು. ಸಂತ ಯೊವಾನ್ನರು ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಹೇಳುವ, ಸೈನಿಕರು ಹರಿಯದೆ ಚೀಟಿ ಹಾಕಿದ ಹೊಲಿಗೆಯಿಲ್ಲದ ಅಂಗಿಯ ನೆನಪು ಅದರಲ್ಲಿದೆ.

ತಾಯಿಯ ಕೈಗೆಲಸವು ಮಗನ ಶಿಲುಬೆಯವರೆಗೂ ಜೊತೆಗೆ ಹೋಯಿತೆಂಬುದು ಆ ಚಿತ್ರದ ಬೋಧೆ. ಅಂಗಡಿಯ ಸಿದ್ಧ ಟೊಪ್ಪಿಗೆಗಳು ಅಗ್ಗವಾಗಿ ದೊರೆಯುವ ಈ ದಿನಗಳಲ್ಲಿ ಕುಂಚಿಗೆಯ ಮಡಿಕೆ, ಕಸೂತಿಯ ಎಣಿಕೆಗಳನ್ನು ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಬರೆದಿಟ್ಟ ಹೆಸರು ಪುಸ್ತಕದಲ್ಲಿ ಉಳಿದೀತು. ಕೈಯ ಕಲೆಯಾದರೋ ಇನ್ನೊಂದು ಕೈಗೆ ಕಲಿಸಿದರೆ ಮಾತ್ರ ಉಳಿಯುವುದು. ಎರಡನೆಯ ಶತಮಾನದ ಹೊಸ್ತಿಲಲ್ಲಿ ನಿಂತ ನಮ್ಮ ಧರ್ಮಕೇಂದ್ರದಲ್ಲಿ, ಹಿರಿಯ ತಾಯಂದಿರು ಕಿರಿಯರನ್ನು ಬಳಿಗೆ ಕರೆದು ಬಿಳಿಯ ಕುಂಚಿಗೆಯೊಂದನ್ನು ಹೊಲಿಸಲಿ. ಮುಂದಿನ ಜ್ಞಾನಸ್ನಾನಕ್ಕೆ ಅದು ಸಿದ್ಧವಾಗಿರಲಿ.